ಓದುಗರ ಅಂಚೆ: ಕಿಣ್ವವಾಗಿ ದುಡಿಯುವ ಆರ್‌ಎನ್‌ಎ

ಕಳೆದ ಸಂಚಿಕೆಯ ಕಿಣ್ವಗಳ ಲೇಖನದಲ್ಲಿ ‘ಕಿಣ್ವಗಳೆಲ್ಲ ಪ್ರೋಟೀನುಗಳೇ, ರೈಬೋಜೈಮ್‌ಗಳೊಂದನ್ನು ಬಿಟ್ಟು’ ಎಂಬ ಸಾಲಿತ್ತು. ರೈಬೋಜೈಮ್ ಎಂದರೆ ಕಿಣ್ವದ ಕೆಲಸ ಮಾಡುವ ಆರ್‌ಎನ್‌ಎ. ಆ ‘ಬಿಟ್ಟು’ ಎಂಬ ಮಾತಿನ ಬೆನ್ನು ಹತ್ತಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳವು. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ.

ಬ್ಯಾಕ್ಟೀರಿಯಾದ 23ಎಸ್ ಆರ್‌ಆರ್‌ಎನ್‌ಎ (ಪ್ರೋಟೀನು ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ) ಒಂದು ರೈಬೋಜೈಮ್ ಎಂದು ಪಿಯು ಪಠ್ಯ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಅದರ ಜೊತೆಗೇ ಅಂಟಿಕೊಂಡಿರುವ ಪ್ರೋಟೀನು ಮಾಡಿದ ಕೆಲಸವನ್ನು ಆರ್‌ಎನ್‌ಎ ಲೆಕ್ಕಕ್ಕೆ ಬರೆದಿಲ್ಲ ಎಂಬುದಕ್ಕೆ ಏನು ಆಧಾರ ಎಂದು ವಿದ್ಯಾರ್ಥಿಯೊಬ್ಬಳು ಕೇಳಿದಳು. ಏನು ಹೇಳಲಿ?
— ಜೀವಶಾಸ್ತ್ರ ಉಪನ್ಯಾಸಕಿ, ಚಿಂತಾಮಣಿ

ಆ ಹುಡುಗಿಯ ಅನುಮಾನ ರೈಬೋಜೈಮ್ ಕಂಡುಹಿಡಿದವರನ್ನೂ ಕಾಡಿದ್ದೇ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಥಾಮಸ್ ಚೆಕ್ ತಂಡ ಟೆಟ್ರಹೈಮಿನಾ ಎಂಬ ಏಕಕೋಶ ಜೀವಿಯ ಮೇಲೆ ಕೆಲಸ ಮಾಡುತ್ತಿತ್ತು. ಅದರ ಆರ್‌ಆರ್‌ಎನ್‌ಎ ಮೊದಲು ಉದ್ದನೆಯ ಎಳೆಯಾಗಿ ಹುಟ್ಟುತ್ತದೆ. ನಡುವೆ 413 ಅಕ್ಷರಗಳ (ಎಳೆಯ ಒಂದೊಂದು ಘಟಕವೂ ಎ, ಯು, ಜಿ, ಸಿ ಎಂಬ ಅಕ್ಷರಗಳಲ್ಲೊಂದು) ಬೇಡದ ತುಂಡೊಂದು, ಅಂದರೆ ಇಂಟ್ರಾನ್, ಇರುತ್ತದೆ. ಅದು ಕಳಚಿ ಹೋಗಿ ಆಚೀಚಿನ ತುದಿಗಳು ಬೆಸೆದುಕೊಳ್ಳಬೇಕು. ಈ ಕತ್ತರಿ ಕೆಲಸದ ಪ್ರೋಟೀನು ಯಾವುದೆಂದು ಹುಡುಕಲು ಹೊರಟರೆ, ಜೀವಕೋಶದ ಸಾರವನ್ನೇ ಹಾಕದ ನಳಿಕೆಯಲ್ಲೂ ಇಂಟ್ರಾನ್ ಕಳಚಿ ಬಿದ್ದಿತ್ತು. ಆರ್‌ಎನ್‌ಎಗೆ ಯಾವುದೋ ಪ್ರೋಟೀನು ಗಟ್ಟಿಯಾಗಿ ಅಂಟಿರಬೇಕು ಎಂದುಕೊಂಡು ಕುದಿಸಿದರು, ಮಾರ್ಜಕ ಹಾಕಿದರು, ಪ್ರೋಟೀನನ್ನು ಜೀರ್ಣಿಸುವ ಕಿಣ್ವ ಹಾಕಿದರು. ಕತ್ತರಿ ನಿಲ್ಲಲಿಲ್ಲ.

ಇಷ್ಟಾದರೂ ‘ಇನ್ನೂ ಒಂದು ಚೂರು ಪ್ರೋಟೀನು ಉಳಿದಿದ್ದರೆ?’ ಎಂದು ಕೇಳಬಹುದಲ್ಲ. ಅದಕ್ಕೆ ಅವರು ಮಾಡಿದ ಉಪಾಯವನ್ನು ತರಗತಿಯಲ್ಲಿ ಹೇಳಲೇಬೇಕು. ಆ ಜೀನಿನ ತುಂಡನ್ನು ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ಡಿಗೆ, ಅಂದರೆ ಬಳೆಯಾಕಾರದ ಚಿಕ್ಕ ಡಿಎನ್‌ಎಗೆ, ಸೇರಿಸಿ ಬೆಳೆಸಿದರು. ಆ ಡಿಎನ್‌ಎಯಿಂದ, ನಳಿಕೆಯಲ್ಲಿ, ಶುದ್ಧೀಕರಿಸಿದ ಬ್ಯಾಕ್ಟೀರಿಯಾ ಪಾಲಿಮರೇಸ್ (ಆರ್‌ಎನ್‌ಎ ಕಟ್ಟುವ ಕಿಣ್ವ) ಬಳಸಿ ಆರ್‌ಎನ್‌ಎ ತಯಾರಿಸಿದರು. ಅಂದರೆ ಟೆಟ್ರಹೈಮಿನಾದ ಒಂದೇ ಒಂದು ಪ್ರೋಟೀನನ್ನೂ ಹುಟ್ಟಿದಾರಭ್ಯ ಕಾಣದ ಆರ್‌ಎನ್‌ಎ. ಅದೂ ತನ್ನ ಇಂಟ್ರಾನನ್ನು ತಾನೇ ಕಳಚಿತು. 1982ರಲ್ಲಿ ಇದು ಪ್ರಕಟವಾಯಿತು. ಬೇಕಾದದ್ದು ಮೆಗ್ನೀಸಿಯಂ ಮತ್ತು ಗ್ವಾನೋಸಿನ್ (ಜಿ ಅಕ್ಷರದ ಬಿಡಿ ಅಣು), ಎರಡೇ. ಶಕ್ತಿ ಒದಗಿಸುವ ಎಟಿಪಿ ಬೇಡ, ಒಂದು ಬಂಧ ಕಡಿಯುವಾಗಲೇ ಇನ್ನೊಂದು ಕಟ್ಟಿಕೊಳ್ಳುವುದರಿಂದ ಲೆಕ್ಕ ಸರಿಹೋಗುತ್ತದೆ.

ಒಂದು ತಕರಾರು ಉಳಿಯುತ್ತದೆ. ತನ್ನನ್ನೇ ಒಮ್ಮೆ ಕತ್ತರಿಸಿಕೊಂಡು ಮುಗಿಯುವುದು ಕಿಣ್ವವೇ? ಕಿಣ್ವ ಎಂದರೆ ಕೆಲಸ ಮುಗಿಸಿ, ತಾನು ಬದಲಾಗದೆ, ಮುಂದಿನ ಅಣುವಿಗೆ ಕೈ ಹಾಕಬೇಕು. ಅದನ್ನು ತೋರಿಸಿದ್ದು ಯೇಲ್ ವಿಶ್ವವಿದ್ಯಾಲಯದ ಸಿಡ್ನಿ ಆಲ್ಟ್‌ಮನ್ ತಂಡ, 1983ರಲ್ಲಿ. ಟಿಆರ್‌ಎನ್‌ಎ (ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎ) ತಲೆಯ ಹೆಚ್ಚುವರಿ ತುಂಡನ್ನು ಕತ್ತರಿಸುವ, ಇ. ಕೋಲಿ ಬ್ಯಾಕ್ಟೀರಿಯಾದ ಆರ್‌ಎನ್‌ಏಸ್ ಪಿ ಎಂಬ ಕಿಣ್ವದಲ್ಲಿ 377 ಅಕ್ಷರಗಳ ಒಂದು ಆರ್‌ಎನ್‌ಎ, ಒಂದು ಚಿಕ್ಕ ಪ್ರೋಟೀನು ಇವೆ. ಮೆಗ್ನೀಸಿಯಂ ಹೆಚ್ಚಿಸಿದರೆ ಆರ್‌ಎನ್‌ಎ ಒಂದೇ ಸಾಕು, ಅಣುವಿನ ಮೇಲೆ ಅಣು ಕತ್ತರಿಸುತ್ತ ಹೋಗುತ್ತದೆ. ಪ್ರೋಟೀನು ಒಂದೇ ಇದ್ದರೆ ಏನೂ ಆಗದು. ಚೆಕ್, ಆಲ್ಟ್‌ಮನ್ ಇಬ್ಬರಿಗೂ 1989ರ ರಸಾಯನಶಾಸ್ತ್ರ ನೊಬೆಲ್ ಬಂತು. (ನಮ್ಮ ಮೈಟೋಕಾಂಡ್ರಿಯಾದಲ್ಲಿ ಇದೇ ಕೆಲಸಕ್ಕೆ ಆರ್‌ಎನ್‌ಎ ಇಲ್ಲದ, ಬರೀ ಪ್ರೋಟೀನಿನ ಕಿಣ್ವವಿದೆ. ಪ್ರಕೃತಿಗೆ ಕೆಲಸ ಆದರಾಯಿತು.)

ಇನ್ನು ನಿಮ್ಮ 23ಎಸ್. 2000ದಲ್ಲಿ ಯೇಲ್‌ನ ಥಾಮಸ್ ಸ್ಟೈಟ್ಸ್ ಮತ್ತು ಪೀಟರ್ ಮೂರ್ ತಂಡದವರು ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ರೈಬೋಸೋಮಿನ ದೊಡ್ಡ ಭಾಗದ ಎಕ್ಸ್-ರೇ ರಚನೆ ಬಿಡಿಸಿದರು. ಅಮೈನೋ ಆಮ್ಲಗಳು ಬೆಸೆಯುವ ಜಾಗದಿಂದ ಸುಮಾರು 18 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ದೂರದೊಳಗೆ ಪ್ರೋಟೀನೇ ಇರಲಿಲ್ಲ. ಪೆಪ್ಟೈಡ್ ಬಂಧದ ಉದ್ದ 1.3 ಆಂಗ್‌ಸ್ಟ್ರಾಮ್, ಹದಿನೆಂಟು ದೂರದಿಂದ ಯಾವ ಪ್ರೋಟೀನೂ ಕೈ ಚಾಚಲಾರದು. ಇ. ಕೋಲಿಯಲ್ಲಿ ಎಲ್27 ಎಂಬ ಪ್ರೋಟೀನಿನ ಬಾಲ ಹತ್ತಿರ ಬರುತ್ತದೆ ನಿಜ, ಆದರೆ ಅದನ್ನು ತೆಗೆದರೂ ಬೆಸುಗೆ ನಿಧಾನವಾಗುತ್ತದೆಯೇ ಹೊರತು ನಿಲ್ಲದು. ಮಕ್ಕಳು ಸಾಮಾನ್ಯವಾಗಿ ಇಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಹೆಸರು ಬರೆಯುತ್ತಾರೆ. 2009ರ ನೊಬೆಲನ್ನು ಅವರು ಸ್ಟೈಟ್ಸ್ ಮತ್ತು ಅದಾ ಯೋನತ್ ಜೊತೆ ಹಂಚಿಕೊಂಡರು, ಆದರೆ ಅವರು ಬಿಡಿಸಿದ್ದು ಎಂಆರ್‌ಎನ್‌ಎ ಓದುವ ಚಿಕ್ಕ ಭಾಗವನ್ನು. ಬೆಸುಗೆ ನಡೆಯುವುದು ದೊಡ್ಡ ಭಾಗದಲ್ಲಿ.

ಮಕ್ಕಳಿಗೆ ಇದು ದೂರದ ವಿಷಯ ಅನ್ನಿಸಿದರೆ ಅಜಿತ್ರೋಮೈಸಿನ್ ಗುಳಿಗೆಯ ಹೆಸರು ಹೇಳಿ. ಅದು ಹೋಗಿ ಕೂರುವುದು ಇದೇ 23ಎಸ್ ಆರ್‌ಎನ್‌ಎ ಮೇಲೆ, ಹೊಸ ಪ್ರೋಟೀನು ಹೊರಬರುವ ಸುರಂಗದೊಳಗೆ. ಅಲ್ಲಿನ 2058ನೇ ಅಕ್ಷರವಾದ ಒಂದು ಎ ಮೇಲೆ ಬ್ಯಾಕ್ಟೀರಿಯಾ ಮೀಥೈಲ್ ಗುಂಪು ಹಚ್ಚಿಕೊಂಡರೆ ಗುಳಿಗೆ ನಾಟುವುದಿಲ್ಲ.

ಮೊಳಕೆ ರಾಗಿ ಹಿಟ್ಟನ್ನು ಮೊದಲೇ ಕುದಿಸಿಬಿಟ್ಟರೆ ಅದರ ಕಿಣ್ವ ಸತ್ತು ಗಂಜಿ ತೆಳುವಾಗುವುದಿಲ್ಲ ಎಂದು ಓದಿದ್ದೇನೆ. ಆರ್‌ಎನ್‌ಎ ಕಿಣ್ವವೂ ಹಾಗೇ ಸಾಯುತ್ತದೆಯೇ?
— ಗೃಹಿಣಿ, ಮುಳಬಾಗಿಲು

ಇಲ್ಲ. ಮೊಳಕೆಯ ಅಮೈಲೇಸ್ ಪ್ರೋಟೀನು. ಬೆಂದ ಮೊಟ್ಟೆ ಮತ್ತೆ ಹಸಿಯಾಗದಂತೆ ಅದೂ ಮರಳಿ ಮಡಚಿಕೊಳ್ಳದು. ಆರ್‌ಎನ್‌ಎ ಬಿಸಿಗೆ ಬಿಚ್ಚಿಕೊಂಡು ತಣಿದಾಗ ಮತ್ತೆ ಮಡಚಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಸರಿಯಾಗಿ ಮಡಚಿಕೊಳ್ಳಲೆಂದೇ 95 ಡಿಗ್ರಿಗೆ ಕಾಯಿಸುತ್ತಾರೆ. ಆದರೆ ಆಗ ಮೆಗ್ನೀಸಿಯಂ ಇರಬಾರದು: ಬಿಸಿಯೂ ಮೆಗ್ನೀಸಿಯಂ ಕೂಡ ಸೇರಿದರೆ ಆರ್‌ಎನ್‌ಎ ಸರಪಳಿಯೇ ತುಂಡಾಗುತ್ತದೆ. ಸುಣ್ಣದ ತಿಳಿಯಂಥ ಕ್ಷಾರವೂ ಅಷ್ಟೇ, ಆರ್‌ಎನ್‌ಎಯನ್ನು ಚೂರು ಮಾಡುತ್ತದೆ, ಡಿಎನ್‌ಎ ಸರಪಳಿಯನ್ನು ಮಾಡದು. ಆರ್‌ಎನ್‌ಎಯ ಸಕ್ಕರೆಯಲ್ಲಿರುವ ಒಂದು ಹೆಚ್ಚುವರಿ ಹೈಡ್ರಾಕ್ಸಿಲ್ ಇದಕ್ಕೆ ಕಾರಣ. ಅನೇಕ ರೈಬೋಜೈಮ್‌ಗಳು ಕತ್ತರಿಯಾಗುವುದೂ ಅದರ ಬಲದಿಂದಲೇ.

ಎಂಎಸ್ಸಿ ಪ್ರಾಜೆಕ್ಟಿಗೆ ಆರ್‌ಎನ್‌ಎ ಕತ್ತರಿಸುವ ಚಿಕ್ಕ ರೈಬೋಜೈಮ್ ಆದ ಹ್ಯಾಮರ್‌ಹೆಡ್ ತೆಗೆದುಕೊಂಡಿದ್ದೇನೆ. ಟಿ7 ಪಾಲಿಮರೇಸ್‌ನಿಂದ ಆರ್‌ಎನ್‌ಎ ಮಾಡಿದೆ. ಮೊದಲ ಸಲ, ನಾನು ಮೆಗ್ನೀಸಿಯಂ ಹಾಕುವ ಮುಂಚೆಯೇ ಕತ್ತರಿಸಿಕೊಂಡಿತ್ತು. ಎರಡನೇ ಸಲ ಜೆಲ್ ತುಂಬ ಬಳಿದ ಹಾಗೆ ಮಸುಕು. ಮೂರನೇ ಸಲ ಕತ್ತರಿಸಲೇ ಇಲ್ಲ. ಪ್ರತಿ ಸಲವೂ ಬೇರೆ ಬೇರೆ ತಪ್ಪೇ?
— ವಿದ್ಯಾರ್ಥಿ, ತುಮಕೂರು

ಹೌದು, ಮೂರೂ ಬೇರೆ.

ಮೊದಲನೆಯದು ತಪ್ಪೇ ಅಲ್ಲ. ಟಿ7 ಬಫರಿನಲ್ಲಿ ಪಾಲಿಮರೇಸಿಗೆಂದು ಮೆಗ್ನೀಸಿಯಂ ಮೊದಲೇ ಇರುತ್ತದೆ, 6 ಮಿಲಿಮೋಲಾರ್ ಅಥವಾ ಅದಕ್ಕಿಂತ ಹೆಚ್ಚು. ಕತ್ತರಿ, ಕತ್ತರಿಸಬೇಕಾದ ಜಾಗ ಎರಡೂ ಒಂದೇ ಎಳೆಯಲ್ಲಿದ್ದರೆ ಆರ್‌ಎನ್‌ಎ ಹುಟ್ಟುಹುಟ್ಟುತ್ತಲೇ ತನ್ನನ್ನು ಕತ್ತರಿಸಿಕೊಳ್ಳುತ್ತದೆ. ಎರಡು ಎಳೆ ಮಾಡಿ: ರೈಬೋಜೈಮ್ ಒಂದು, ಸಬ್‌ಸ್ಟ್ರೇಟ್ (ಕತ್ತರಿಗೆ ಸಿಗುವ ಎಳೆ) ಇನ್ನೊಂದು. ಬೇರೆ ಬೇರೆ ನಳಿಕೆಯಲ್ಲಿ ತಯಾರಿಸಿ, 8 ಮೋಲಾರ್ ಯೂರಿಯಾ ಹಾಕಿದ ಪಾಲಿಅಕ್ರಿಲಮೈಡ್ ಜೆಲ್ಲಿನಲ್ಲಿ ಬೇರೆ ಬೇರೆಯಾಗಿ ಓಡಿಸಿ. ಇಪ್ಪತ್ತರ ಆಸುಪಾಸಿನ ಅಕ್ಷರಗಳ ಎಳೆಗೆ ಶೇ 20ರ ಜೆಲ್, ನಲವತ್ತರದಕ್ಕೆ 12–15 ಸಾಕು. ಪಟ್ಟಿ ಕತ್ತರಿಸಿ 0.3 ಮೋಲಾರ್ ಸೋಡಿಯಂ ಅಸಿಟೇಟಿನಲ್ಲಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆಯಲಿ, ಮೂರು ಪಾಲು ಎಥನಾಲ್ ಹಾಕಿ ಇಳಿಸಿ. ಚಿಕ್ಕ ಎಳೆ ಸರಿಯಾಗಿ ತಳ ಸೇರುವುದಿಲ್ಲ. ಒಂದಿಷ್ಟು ಗ್ಲೈಕೋಜನ್ ಹಾಕಿದರೆ ಕಾಣುವಂಥ ಉಂಡೆ ಸಿಗುತ್ತದೆ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಎರಡನೆಯದು ಆರ್‌ಎನ್‌ಏಸ್. ರೈಬೋಜೈಮ್ ಕತ್ತರಿಸಿದರೆ ಗೆರೆ ಎಳೆದಂಥ ಎರಡು ಪಟ್ಟಿ ಬರುತ್ತವೆ. ಬಳಿದ ಹಾಗೆ ಬಂದರೆ ಅದು ಎಲ್ಲೆಂದರಲ್ಲಿ ಕಡಿಯುವ ಪ್ರೋಟೀನಿನ ಕೆಲಸ. ಎಲ್ಲರೂ ಕೈ ಬೆವರನ್ನು ದೂರುತ್ತಾರೆ, ಅದೂ ನಿಜವೇ. ಆದರೆ ನೀವು ಮೊದಲು ಅನುಮಾನಿಸಬೇಕಾದ್ದು ನಿಮ್ಮ ಟೆಂಪ್ಲೇಟನ್ನು, ಅಂದರೆ ಆರ್‌ಎನ್‌ಎಗೆ ಅಚ್ಚಾಗುವ ಡಿಎನ್‌ಎಯನ್ನು. ಪ್ಲಾಸ್ಮಿಡ್ ಮಿನಿಪ್ರೆಪ್ ಕಿಟ್ಟಿನ ಮೊದಲ ಬಫರಿನಲ್ಲಿ ಬೇಕೆಂದೇ ಆರ್‌ಎನ್‌ಏಸ್ ಎ ಹಾಕಿರುತ್ತಾರೆ, ಸಾಮಾನ್ಯವಾಗಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂ. ಅದರ ಉಳಿಕೆ ಟೆಂಪ್ಲೇಟಿನ ಜೊತೆ ಸಾಗಿ ಬರುತ್ತದೆ. ಫೀನಾಲ್-ಕ್ಲೋರೋಫಾರಂ ಒಮ್ಮೆ ಮಾಡಿ ಎಥನಾಲಿನಲ್ಲಿ ಇಳಿಸಿಕೊಳ್ಳಿ. ಎರಡನೇ ಅನುಮಾನ, ಕೊನೆಗೆ ಟೆಂಪ್ಲೇಟ್ ತೆಗೆಯಲು ಹಾಕುವ ಡಿಎನ್‌ಏಸ್ ಬಾಟಲಿ: ‘ಆರ್‌ಎನ್‌ಏಸ್ ಮುಕ್ತ’ ಎಂದು ಬರೆದಿರದಿದ್ದರೆ ಬೇಡ. ಆರ್‌ಎನ್‌ಏಸ್ ಎ ಬರೀ 124 ಅಮೈನೋ ಆಮ್ಲಗಳ, ನಾಲ್ಕು ಗಂಧಕದ ಕೊಂಡಿ ಬಿಗಿದ ಗಟ್ಟಿ ಪಿಂಡ. ಕುದಿಸಿದರೆ ಬಗ್ಗದು, ಆಟೋಕ್ಲೇವ್ ಒಂದನ್ನೇ ನಂಬುವಂತಿಲ್ಲ. ನೀರಿಗೆ ಲೀಟರಿಗೆ 1 ಮಿಲಿಲೀಟರ್ ಡೆಪ್ಸಿ (ಡಿಇಪಿಸಿ, ಆರ್‌ಎನ್‌ಏಸನ್ನು ಕೆಡಿಸುವ ರಾಸಾಯನಿಕ) ಹಾಕಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು, ಆಮೇಲೆ ಆಟೋಕ್ಲೇವ್ ಮಾಡಿ. ಉಳಿದ ಡೆಪ್ಸಿ ಒಡೆದು ಹೋಗುತ್ತದೆ. ಟ್ರಿಸ್ ಬಫರಿಗೆ ನೇರವಾಗಿ ಡೆಪ್ಸಿ ಹಾಕಬೇಡಿ, ಟ್ರಿಸ್ ಅದನ್ನು ತಿಂದು ಹಾಕುತ್ತದೆ. ಮೊದಲು ನೀರನ್ನು ಶುದ್ಧ ಮಾಡಿಕೊಂಡು ಆ ನೀರಿನಲ್ಲಿ ಟ್ರಿಸ್ ಕರಗಿಸಿ. ಗಾಜಿನ ಸಾಮಾನು, ಸ್ಪ್ಯಾಚುಲಾ 180 ಡಿಗ್ರಿಯ ಓವನ್ನಿನಲ್ಲಿ ಎಂಟು ಗಂಟೆ ಇರಲಿ.

ಮೂರನೆಯದರಲ್ಲಿ ಪಾಪ, ರೈಬೋಜೈಮಿನ ತಪ್ಪು ಇಲ್ಲದಿರಬಹುದು. ನಿಮ್ಮ ಪತ್ರದಲ್ಲಿ ‘ತಂಪು ಕೋಣೆಯಲ್ಲಿಟ್ಟ ಟ್ರಿಸ್‌ನ ಪಿಎಚ್ ಅಲ್ಲೇ 7.5ಕ್ಕೆ ಹೊಂದಿಸಿದೆ’ ಎಂದಿದೆ. ಟ್ರಿಸ್‌ನ ಪಿಎಚ್ ಒಂದೊಂದು ಡಿಗ್ರಿ ಬಿಸಿಗೂ ಸುಮಾರು 0.028 ಇಳಿಯುತ್ತದೆ. 4 ಡಿಗ್ರಿಯಲ್ಲಿ 7.5 ಇದ್ದದ್ದು 37ರಲ್ಲಿ 6.6ರ ಹತ್ತಿರ. ಹ್ಯಾಮರ್‌ಹೆಡ್ ವೇಗ ಪಿಎಚ್ ಒಂದು ಅಂಕಿ ಇಳಿದರೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಎಂದರೆ ನಿಮ್ಮ ಕತ್ತರಿ ಎಂಟು ಪಟ್ಟು ನಿಧಾನ. ಪಿಎಚ್ ಅನ್ನು ಪ್ರಯೋಗ ನಡೆಯುವ ಬಿಸಿಯಲ್ಲೇ ಹೊಂದಿಸಿ.

ಕ್ರಮ ಹೀಗಿರಲಿ. 50 ಮಿಲಿಮೋಲಾರ್ ಟ್ರಿಸ್‌ನಲ್ಲಿ ರೈಬೋಜೈಮನ್ನೂ ಸಬ್‌ಸ್ಟ್ರೇಟನ್ನೂ ಬೇರೆ ಬೇರೆಯಾಗಿ 95 ಡಿಗ್ರಿಗೆ ಎರಡು ನಿಮಿಷ ಕಾಯಿಸಿ, 37ಕ್ಕೆ ತಂದು ಹತ್ತು ನಿಮಿಷ ಬಿಡಿ, ಕೂಡಿಸಿ. ಕೊನೆಯಲ್ಲಿ ಮೆಗ್ನೀಸಿಯಂ ಕ್ಲೋರೈಡ್ 10 ಮಿಲಿಮೋಲಾರ್ ಆಗುವಂತೆ ಹಾಕಿ. ಗಡಿಯಾರ ಶುರುವಾಗುವುದು ಆಗ. 50 ಮೈಕ್ರೋಲೀಟರಿಗೆ 1 ಮೋಲಾರ್ ದ್ರಾವಣದಿಂದ ಅರ್ಧ ಮೈಕ್ರೋಲೀಟರ್ ಅಳೆಯಲು ಹೋಗಬೇಡಿ, ಅದು ಪಿಪೆಟ್ ತುದಿಯಲ್ಲೇ ಅಂಟಿ ಉಳಿಯುತ್ತದೆ. 100 ಮಿಲಿಮೋಲಾರಿನದು ಮಾಡಿಕೊಂಡು 5 ಮೈಕ್ರೋಲೀಟರ್ ಹಾಕಿ. ರೈಬೋಜೈಮ್ 2 ಮೈಕ್ರೋಮೋಲಾರ್, ಸಬ್‌ಸ್ಟ್ರೇಟ್ 1 ಇದ್ದರೆ ಸೈಬರ್ ಗೋಲ್ಡ್ ಬಣ್ಣಕ್ಕೆ ಕಾಣುತ್ತದೆ. 0, 1, 2, 5, 10, 30 ನಿಮಿಷಕ್ಕೆ 5 ಮೈಕ್ರೋಲೀಟರ್ ತೆಗೆದು, 8 ಮೋಲಾರ್ ಯೂರಿಯಾ, 50 ಮಿಲಿಮೋಲಾರ್ ಇಡಿಟಿಎ ಇರುವ ಬಣ್ಣದ ದ್ರಾವಣ 10 ಮೈಕ್ರೋಲೀಟರ್ ಇರುವ ನಳಿಕೆಗೆ ಬಿಡಿ. ಇಡಿಟಿಎ ಮೆಗ್ನೀಸಿಯಂ ಕಸಿದುಕೊಂಡ ಕ್ಷಣಕ್ಕೆ ಕತ್ತರಿ ನಿಲ್ಲುತ್ತದೆ.

ಪಕ್ಕದಲ್ಲಿ ಮೂರು ನಳಿಕೆ ಇರಲೇಬೇಕು: ಮೆಗ್ನೀಸಿಯಂ ಇಲ್ಲದ್ದು, ರೈಬೋಜೈಮ್ ಇಲ್ಲದ್ದು, ತಿರುಳಿನಲ್ಲಿ ಜಿ5 ಎಂದು ಗುರುತಿಸುವ ಅಕ್ಷರದ (ಸಿ-ಯು-ಜಿ-ಎ-ಯು-ಜಿ-ಎಯ ಮೊದಲ ಜಿ) ಬದಲು ಎ ಹಾಕಿದ ಸತ್ತ ರೈಬೋಜೈಮ್ ಇರುವುದು. ಈ ಮೂರೂ ಇಲ್ಲದೆ ಎರಡು ಪಟ್ಟಿ ತೋರಿಸಿದರೆ ಪರೀಕ್ಷಕರು ಒಪ್ಪಬೇಕಾಗಿಲ್ಲ. ಸಬ್‌ಸ್ಟ್ರೇಟಿನಲ್ಲಿ ಕತ್ತರಿಸುವ ಜಾಗ ಜಿ-ಯು-ಸಿ ಇದೆಯೇ ಎಂದೂ ನೋಡಿಕೊಳ್ಳಿ. ಕೊನೆಯಲ್ಲಿ ಜಿ ಬಂದು ಜಿ-ಯು-ಜಿ ಆಗಿದ್ದರೆ ಎಷ್ಟು ಹೊತ್ತು ಕಾದರೂ ಕತ್ತರಿಸದು.

ನಮ್ಮ ಬೋರ್‌ವೆಲ್ ನೀರಿನಲ್ಲಿ ಗಡಸುತನ 600 ಎಂದು ವರದಿ ಬಂದಿದೆ. ಅದರಲ್ಲಿ ಮೆಗ್ನೀಸಿಯಂ ಇರುವುದರಿಂದ ಆ ನೀರಿನಲ್ಲೇ ರೈಬೋಜೈಮ್ ಕೆಲಸ ಮಾಡುವುದೇ?
— ಬಿಎಸ್ಸಿ ವಿದ್ಯಾರ್ಥಿನಿ, ಗೌರಿಬಿದನೂರು

ಲೆಕ್ಕ ಹಾಕುವಂಥ ಪ್ರಶ್ನೆ. 600 ಎಂದರೆ ಲೀಟರಿಗೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಕುಡಿಯುವ ನೀರಿಗೆ ಬೇರೆ ಮೂಲ ಇಲ್ಲದಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಒಪ್ಪುವ ಮೇಲಿನ ಮಿತಿ ಅದೇ. ನೂರು ಮಿಲಿಗ್ರಾಮಿಗೆ ಒಂದು ಮಿಲಿಮೋಲ್, ಹಾಗಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 6 ಮಿಲಿಮೋಲಾರ್. ಮೂರನೇ ಒಂದು ಪಾಲು ಮೆಗ್ನೀಸಿಯಂ ಎಂದುಕೊಂಡರೆ 2. ಮೇಲಿನ ಉತ್ತರದ, ಮೊಟಕುಗೊಳಿಸಿದ ಹ್ಯಾಮರ್‌ಹೆಡ್‌ಗೆ ಇದು ಕಡಿಮೆಯೇ, ಆದರೆ ಕುಣಿಕೆಗಳನ್ನು ಕತ್ತರಿಸದೆ ಪೂರ್ತಿ ಉಳಿಸಿದ ನೈಸರ್ಗಿಕ ಹ್ಯಾಮರ್‌ಹೆಡ್ ಇದಕ್ಕಿಂತ ಕಡಿಮೆಯಲ್ಲೂ ಕತ್ತರಿಸುತ್ತದೆ. ಚೆಕ್ ಅವರ ಇಂಟ್ರಾನಿಗೆ ಮಾತ್ರ ಕ್ಯಾಲ್ಸಿಯಂ ಒಂದರಿಂದ ಕೆಲಸವಾಗದು, ಮೆಗ್ನೀಸಿಯಮೇ ಬೇಕು. ಹಾಗೆಂದು ಕೊಳಾಯಿ ನೀರು ಹಿಡಿದು ಪ್ರಯೋಗಕ್ಕೆ ಕೂರಬೇಡಿ. ಅದರಲ್ಲಿರುವ ಸೂಕ್ಷ್ಮಜೀವಿಗಳ ಆರ್‌ಎನ್‌ಏಸ್ ನಿಮ್ಮ ಆರ್‌ಎನ್‌ಎಯನ್ನು ಮೊದಲು ಮುಗಿಸುತ್ತದೆ.

ಸೇವಂತಿಗೆ ಎಲೆಗಳಲ್ಲಿ ಹಳದಿ ಮಚ್ಚೆ, ಗಿಡ ಕುಳ್ಳ. ‘ವೈರಾಯ್ಡ್ ಇರಬಹುದು, ಅದು ಆರ್‌ಎನ್‌ಎ ಕಿಣ್ವ’ ಎಂದು ಯಾರೋ ಹೇಳಿದರು. ಸಿಂಪಡಿಸಲು ಔಷಧಿ ಏನು? ಪಕ್ಕದ ಟೊಮೆಟೊ ಮುಟುರುವುದೂ ಇದರಿಂದಲೇ?
— ರೈತರು, ಚಿಕ್ಕಬಳ್ಳಾಪುರ ತಾಲ್ಲೂಕು

ಟೊಮೆಟೊದಿಂದ ಶುರು ಮಾಡೋಣ: ಎಲೆ ಮುಟುರು ರೋಗಕ್ಕೆ ಸಾಮಾನ್ಯ ಕಾರಣ ಬಿಳಿ ನೊಣ ಹರಡುವ ಡಿಎನ್‌ಎ ವೈರಸ್. ವೈರಾಯ್ಡಿಗೂ ಅದಕ್ಕೂ ಸಂಬಂಧವಿಲ್ಲ.

ವೈರಾಯ್ಡ್ ಎಂದರೆ ಮೇಲುಹೊದಿಕೆಯೇ ಇಲ್ಲದ, 250ರಿಂದ 400 ಅಕ್ಷರಗಳ, ಬಳೆಯಂತೆ ಸುತ್ತಿಕೊಂಡ ಬರೀ ಆರ್‌ಎನ್‌ಎ. ಒಂದೇ ಒಂದು ಪ್ರೋಟೀನಿನ ಸೂಚನೆಯೂ ಅದರಲ್ಲಿಲ್ಲ. ಗಿಡದೊಳಗೆ ಅದರ ಪ್ರತಿಗಳು ಉದ್ದನೆಯ ಸರವಾಗಿ ತಯಾರಾಗುತ್ತವೆ. ಆ ಸರವನ್ನು ಒಂದೊಂದು ಬಳೆಯ ಅಳತೆಗೆ ಕತ್ತರಿಸಬೇಕು. ಇಲ್ಲಿ ಎರಡು ಕುಲ. ಕೋಶಕೇಂದ್ರದಲ್ಲಿ ಬೆಳೆಯುವ ಕುಲ ಗಿಡದ ಕಿಣ್ವವನ್ನೇ ಬಳಸಿಕೊಳ್ಳುತ್ತದೆ. ಪತ್ರಹರಿತ್ತಿನ ಕಣದಲ್ಲಿ ಬೆಳೆಯುವ ಕುಲ ಹ್ಯಾಮರ್‌ಹೆಡ್ ರೈಬೋಜೈಮಿನಿಂದ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಸೇವಂತಿಗೆಗೆ ಎರಡೂ ಕುಲದ ಕಾಟವಿದೆ: ಗಿಡ ಕುಳ್ಳಾಗಿಸುವ ವೈರಾಯ್ಡ್ ಮೊದಲ ಕುಲದ್ದು, ಎಲೆಗೆ ಹಳದಿ ಮಚ್ಚೆ ತರುವುದು ಎರಡನೆಯದು.

ನಿಮ್ಮ ತೋಟದ್ದು ಇದೇ ಎಂದು ಎಲೆ ನೋಡಿ ಹೇಳಲಾಗದು. ಗಡಸು, ಕ್ಷಾರದ ನೀರು ಹಾಯಿಸುವ ಹೊಲದಲ್ಲಿ ಕಬ್ಬಿಣದ ಕೊರತೆಗೂ ಎಳೆ ಎಲೆ ಹಳದಿಯಾಗುತ್ತದೆ. ಆಗ ನರ ಮಾತ್ರ ಹಸಿರಾಗಿ ಉಳಿದಿರುತ್ತದೆ. ಖಚಿತವಾಗಬೇಕಾದರೆ ಆರ್‌ಟಿ-ಪಿಸಿಆರ್ ಪರೀಕ್ಷೆಯೇ ಆಗಬೇಕು. ವೈರಾಯ್ಡ್ ಎಂದಾದರೆ ಸಿಂಪಡಿಸುವ ಔಷಧಿ ಯಾವುದೂ ಇಲ್ಲ; ಇದೆ ಎಂದು ಬಾಟಲಿ ಕೊಟ್ಟರೆ ದುಡ್ಡು ಕೊಡಬೇಡಿ. ರೈಬೋಜೈಮ್ ಜೀನು ಸೇರಿಸಿದ ಆಲೂಗಡ್ಡೆ ವೈರಾಯ್ಡನ್ನು ತಡೆಯಿತೆಂದು 1997ರಲ್ಲಿ ಪ್ರಕಟವಾಗಿದೆ, ಆದರೆ ಅದು ಕುಲಾಂತರಿ ಗಿಡದ ಮಾತು, ಸಿಂಪರಣೆಯದಲ್ಲ.

ನಿಮ್ಮ ಕೈಯಲ್ಲಿರುವುದು ಹರಡದಂತೆ ನೋಡಿಕೊಳ್ಳುವುದು. ಇದು ಹೋಗುವುದು ಕಂದಿನ ಮೂಲಕ, ತುದಿಕಡ್ಡಿಯ ಮೂಲಕ, ಕತ್ತರಿಗೆ ಅಂಟಿದ ರಸದ ಮೂಲಕ. ಅನುಮಾನದ ಸಾಲಿನಿಂದ ನಾಟಿಗೆ ಕಂದು ತೆಗೆಯಬೇಡಿ. ಕತ್ತರಿಯನ್ನು ಸ್ಯಾನಿಟೈಸರಿನಲ್ಲಿ ಒರೆಸಿದರೆ ಸಾಲದು, ಬೆಂಕಿಗೆ ಒಮ್ಮೆ ತೋರಿಸಿದರೂ ಸಾಲದು. ಶೇ 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಂದು ಲೀಟರಿಗೆ ಮೂರು ಲೀಟರ್ ನೀರು ಬೆರೆಸಿದರೆ ಶೇ 1 ಆಗುತ್ತದೆ. ಮೊದಲು ಕತ್ತರಿಯ ಮಣ್ಣು, ರಸ ತೊಳೆಯಿರಿ, ಏಕೆಂದರೆ ಕೊಳೆಯೇ ಕ್ಲೋರಿನ್ನನ್ನು ಕಬಳಿಸುತ್ತದೆ. ಆಮೇಲೆ ಒಂದೆರಡು ನಿಮಿಷ ಅದ್ದಿ. ಎರಡು ಕತ್ತರಿ ಇಟ್ಟುಕೊಂಡರೆ ಒಂದು ನೆನೆಯುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ದ್ರಾವಣ ದಿನಾ ಹೊಸದು. ಸಂಜೆ ಕತ್ತರಿ ತೊಳೆದು ಎಣ್ಣೆ ಹಚ್ಚದಿದ್ದರೆ ತುಕ್ಕು ಖಂಡಿತ. ಕಕ್ಕಸು ತೊಳೆಯುವ ಆ್ಯಸಿಡ್ ಇದಕ್ಕೆ ಬೆರೆತರೆ ವಿಷಗಾಳಿ ಏಳುತ್ತದೆ, ಒಂದೇ ಬಕೆಟ್ಟಿನಲ್ಲಿ ಬಳಸಬೇಡಿ.

ಮನುಷ್ಯರ ರೋಗಾಣುಗಳಲ್ಲಿ ರೈಬೋಜೈಮ್ ಇದೆಯೇ?
— ಆರೋಗ್ಯ ಕಾರ್ಯಕರ್ತೆ, ಪಾವಗಡ

ಹೆಪಟೈಟಿಸ್ ಡಿ ವೈರಸ್‌ನಲ್ಲಿದೆ. ಸುಮಾರು 1,700 ಅಕ್ಷರಗಳ ಅದರ ಆರ್‌ಎನ್‌ಎ ಕೂಡ ಬಳೆಯಾಕಾರದ್ದು; 85ರಷ್ಟು ಅಕ್ಷರಗಳ ರೈಬೋಜೈಮ್ ಅದನ್ನು ಅಳತೆಗೆ ಕತ್ತರಿಸುತ್ತದೆ. ಹೆಪಟೈಟಿಸ್ ಬಿ ವೈರಸ್‌ನ ಹೊದಿಕೆ ಸಾಲ ಪಡೆಯದೆ ಇದು ಹರಡಲಾರದು, ಆದ್ದರಿಂದ ನೀವು ಕೊಡಿಸುವ ಬಿ ಲಸಿಕೆಯೇ (ಹುಟ್ಟಿದ 24 ಗಂಟೆಯೊಳಗೆ, ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್‌ನಲ್ಲಿ) ಡಿಯನ್ನೂ ತಡೆಯುತ್ತದೆ.

ವಿಜ್ಞಾನ ಮೇಳಕ್ಕೆ ರೈಬೋಜೈಮ್ ಮಾದರಿ ಮಾಡಬೇಕು. ಖರ್ಚು ಕಡಿಮೆ ಇರಲಿ, ತಪ್ಪು ಇರಬಾರದು.
— ಪ್ರೌಢಶಾಲಾ ಶಿಕ್ಷಕರು, ಶಿರಾ

ನಾಲ್ಕು ಬಣ್ಣದ ಮಣಿ ಸಾಕು: ಜಿ 14, ಸಿ 12, ಎ 12, ಯು 7, ಒಟ್ಟು 45. ಬಗ್ಗಿದಂತೆ ನಿಲ್ಲುವ ತೆಳು ತಂತಿಗೆ ಪೋಣಿಸಿ. ರೈಬೋಜೈಮ್ ಎಳೆಗೆ 33 ಮಣಿ, ಎಡದಿಂದ ಬಲಕ್ಕೆ ಹೀಗೆ: ಜಿ-ಯು-ಸಿ-ಜಿ-ಯು, ಸಿ-ಯು-ಜಿ-ಎ-ಯು-ಜಿ-ಎ, ಜಿ-ಜಿ-ಎ-ಸಿ, ಜಿ-ಎ-ಎ-ಎ, ಜಿ-ಯು-ಸಿ-ಸಿ, ಜಿ-ಎ-ಎ-ಎ, ಸಿ, ಸಿ-ಯು-ಜಿ-ಸಿ. ಸಬ್‌ಸ್ಟ್ರೇಟ್ ಎಳೆಗೆ 12: ಜಿ-ಸಿ-ಎ-ಜಿ, ಜಿ-ಯು-ಸಿ, ಎ-ಸಿ-ಜಿ-ಎ-ಸಿ.

ಎರಡು ಎಳೆ ಎದುರುಬದುರು ದಿಕ್ಕಿನಲ್ಲಿ ಜೋಡಿಯಾಗಬೇಕು. ಮಕ್ಕಳು ತಪ್ಪುವುದು ಇಲ್ಲೇ. ರೈಬೋಜೈಮಿನ ಮೊದಲ ಐದು ಮಣಿ ಸಬ್‌ಸ್ಟ್ರೇಟಿನ ಕೊನೆಯ ಐದಕ್ಕೆ, ರೈಬೋಜೈಮಿನ ಕೊನೆಯ ಆರು ಸಬ್‌ಸ್ಟ್ರೇಟಿನ ಮೊದಲ ಆರಕ್ಕೆ. ನಡುವಿನ ಜಿ-ಜಿ-ಎ-ಸಿ ಹಿಂದಕ್ಕೆ ಮಡಚಿ ಜಿ-ಯು-ಸಿ-ಸಿಗೆ ಸೇರಿದರೆ ಮೂರನೇ ಕಾಂಡ. ಜಿಗೆ ಸಿ, ಎಗೆ ಯು. ಒಂದು ಜೋಡಿ ತಪ್ಪಿದರೂ ಪೋಣಿಸಿದ್ದು ತಪ್ಪಿದೆ ಎಂದೇ ಅರ್ಥ. ಸಿ-ಯು-ಜಿ-ಎ-ಯು-ಜಿ-ಎ ಯಾವುದಕ್ಕೂ ಜೋಡಿಯಾಗದೆ ಕೂಡುರಸ್ತೆಯ ನಡುವೆ ಉಳಿಯಬೇಕು, ಕತ್ತರಿಯ ತಿರುಳು ಅದು. ಕಾಗದದ ಮೇಲೆ ಸುತ್ತಿಗೆಯ ತಲೆಯಂತೆ ಬರೆಯುತ್ತಾರೆಂದು ಹ್ಯಾಮರ್‌ಹೆಡ್ ಎಂಬ ಹೆಸರು ಬಂತು. ನಿಜರೂಪ ವೈ ಅಕ್ಷರಕ್ಕೆ ಹತ್ತಿರ, ಕಾಂಡಗಳನ್ನು ಹಾಗೆಯೇ ಬಗ್ಗಿಸಿ.

ಸಬ್‌ಸ್ಟ್ರೇಟಿನ ಏಳನೇ ಮಣಿ, ಅಂದರೆ ಜಿ-ಯು-ಸಿಯ ಸಿ, ಜೋಡಿಯಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ. ಅದಕ್ಕೂ ಎಂಟನೆಯದಕ್ಕೂ ನಡುವೆ ತಂತಿ ಬೇಡ, ಒಂದು ಟಿಚ್ ಬಟನ್ ಹೊಲಿಯಿರಿ. ‘ಮೆಗ್ನೀಸಿಯಂ’ ಎಂದು ಬರೆದ ಹಸಿರು ಗುಂಡನ್ನು ಪಕ್ಕಕ್ಕೆ ತಂದಾಗ ಮಗು ಆ ಬಟನ್ ಬಿಚ್ಚಲಿ. ಸಬ್‌ಸ್ಟ್ರೇಟ್ ಏಳು ಮಣಿ, ಐದು ಮಣಿಯ ಎರಡು ತುಂಡಾಗಿ ಕಳಚುತ್ತದೆ. 33 ಮಣಿಯ ಎಳೆ ಹಾಗೇ ಉಳಿದಿರುತ್ತದೆ, ಮುಂದಿನ ಸಬ್‌ಸ್ಟ್ರೇಟಿಗೆ. ಇನ್ನೂ ಮೂರು ನಾಲ್ಕು ಸಬ್‌ಸ್ಟ್ರೇಟ್ ಎಳೆ ಪೋಣಿಸಿಟ್ಟುಕೊಳ್ಳಿ, ಒಂದೊಂದಕ್ಕೂ ಜಿ 4, ಸಿ 4, ಎ 3, ಯು 1.